ಕಿಂಗೈಟ್‌ನ ಕಲೆ, ಕಿಂಗೈಟ್‌ನ ಅಂಗಡಿ

ಕೆನಡಾದ ಉತ್ತರಕ್ಕೆ, ಹಿಮಸಾಗರದ ಸೆರಗಿನಲ್ಲಿ, ಬ್ಯಾಫಿನ್ ದ್ವೀಪವಿದೆ. ವಿಸ್ತಾರದಲ್ಲಿ ಅದು ಜಗತ್ತಿನ ಐದನೆಯ ದೊಡ್ಡ ದ್ವೀಪ. ಅದರ ನೈಋತ್ಯದ ಕೊನೆಗೆ ಫಾಕ್ಸ್ ಪರ್ಯಾಯದ್ವೀಪ, ಅದರ ಮಗ್ಗುಲಲ್ಲಿ ಡಾರ್ಸೆಟ್ ಎಂಬ ಪುಟ್ಟ ನಡುಗಡ್ಡೆ. ಆ ನಡುಗಡ್ಡೆಯ ಮೇಲೆ ಇರುವ ಊರು ಕಿಂಗೈಟ್. 2020ರವರೆಗೆ ನಕ್ಷೆಗಳಲ್ಲಿ ಅದರ ಹೆಸರು ಕೇಪ್ ಡಾರ್ಸೆಟ್ ಎಂದಿತ್ತು. ಜನಸಂಖ್ಯೆ ಸುಮಾರು 1,400. ಹೆಚ್ಚುಕಡಿಮೆ ಎಲ್ಲರೂ ಈ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನ. ಮರ ಬೆಳೆಯದ ನೆಲ ಅದು. ಹೊರಗಿನಿಂದ ಊರಿಗೆ ರಸ್ತೆಯಿಲ್ಲ. ಜನ ಬಂದುಹೋಗುವುದು ವಿಮಾನದಲ್ಲಿ. ಭಾರದ ಸರಕು ಬರುವುದು ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ, ಹಡಗಿನಲ್ಲಿ. ಇಷ್ಟು ದೂರದ, ಇಷ್ಟು ಚಿಕ್ಕ ಊರು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತಿನ ಗ್ಯಾಲರಿಗಳಿಗೂ ಸಂಗ್ರಹಕಾರರಿಗೂ ಚಿತ್ರ, ಶಿಲ್ಪ ಒದಗಿಸುತ್ತ ಬಂದಿದೆ. ಅದನ್ನು ಸಾಧ್ಯವಾಗಿಸಿದ್ದು ಊರಿನವರೇ ಷೇರುದಾರರಾಗಿರುವ ಒಂದು ಸಹಕಾರ ಸಂಘ.

ಸಂಘದ ಹೆಸರು ವೆಸ್ಟ್ ಬ್ಯಾಫಿನ್ ಕೋಆಪರೇಟಿವ್. 1959ರಲ್ಲಿ ನೋಂದಣಿಯಾದಾಗ ಈ ಹೆಸರಿನ ನಡುವೆ 'ಎಸ್ಕಿಮೋ' ಎಂಬ ಪದವೂ ಇತ್ತು. ಹೊರಗಿನವರು ಇನುಯಿಟರಿಗೆ ಇಟ್ಟ ಆ ಹೆಸರನ್ನು ಈಗ ಅಲ್ಲಿನವರು ಒಪ್ಪುವುದಿಲ್ಲ. ಊರಿನ ದಿನಸಿ ಅಂಗಡಿ ನಡೆಸುವುದೂ ಇದೇ ಸಂಘ, ಕಲಾವಿದರಿಂದ ಚಿತ್ರ ಕೊಳ್ಳುವುದೂ ಇದೇ ಸಂಘ. ಊರಿನ ಹೆಸರಾಂತ ಕಲಾವಿದೆಯ ಹೆಸರಿನಲ್ಲಿ 2018ರಲ್ಲಿ ತೆರೆದ ಕೆನೊಜುವಾಕ್ ಸಾಂಸ್ಕೃತಿಕ ಕೇಂದ್ರದಲ್ಲಿ ಅಚ್ಚುಮನೆ, ಕಲಾವಿದರು ಕೂತು ಬರೆಯುವ ಕೋಣೆ, ಪ್ರದರ್ಶನದ ಹಜಾರ, ಬಂದವರು ಕೊಳ್ಳುವ ಮಳಿಗೆ ಎಲ್ಲ ಒಂದೇ ಸೂರಿನಡಿ ಇವೆ. ಊರಿನ ಮಕ್ಕಳಿಗೆ ತಮ್ಮ ಅಜ್ಜಿಯರ ಚಿತ್ರಗಳನ್ನು ಊರಿನಲ್ಲೇ ನೋಡಲು ಗೋಡೆ ಸಿಕ್ಕಿದ್ದು ಆಗಲೇ. ಅದುವರೆಗೆ ಆ ಚಿತ್ರಗಳು ತೂಗುತ್ತಿದ್ದದ್ದು ಹೆಚ್ಚಾಗಿ ದಕ್ಷಿಣದ ನಗರಗಳಲ್ಲಿ.

ಕಲೆ ಈ ಜನರಿಗೆ ಹೊಸದಲ್ಲ. ವಾಲ್ರಸ್ ದಂತದ ಮೇಲೆ ಗೀರು ಕೊರೆಯುವುದು, ಸೀಲ್ ಚರ್ಮವನ್ನು ಬಣ್ಣಬಣ್ಣದ ತುಂಡುಗಳಾಗಿ ಕತ್ತರಿಸಿ ಉಡುಪಿಗೆ ಹೊಲಿಯುವುದು ಹಿಂದಿನಿಂದ ಬಂದ ಕೆಲಸ. ತಿಮಿಂಗಿಲ ಬೇಟೆಯ ಹಡಗುಗಳು ಬರುತ್ತಿದ್ದ ಕಾಲದಲ್ಲಿ ದಂತದ ಚಿಕ್ಕ ಗೊಂಬೆಗಳನ್ನು ಕೊಟ್ಟು ಸೂಜಿ, ಚಾಕು, ಹೊಗೆಸೊಪ್ಪು ಪಡೆಯುವುದೂ ಇತ್ತು. ಆದರೆ ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. 1913ರಲ್ಲಿ ಹಡ್ಸನ್ಸ್ ಬೇ ಕಂಪನಿ ಇಲ್ಲಿ ವ್ಯಾಪಾರದ ಠಾಣ್ಯ ಹೂಡಿತು. ಅಂದಿನಿಂದ ಬದುಕು ಬಿಳಿ ನರಿಯ ತುಪ್ಪಳಕ್ಕೆ ಕಟ್ಟುಬಿತ್ತು. ತುಪ್ಪಳ ತಂದರೆ ಹಿಟ್ಟು, ಚಹಾ, ಬಂದೂಕಿನ ಗುಂಡು. ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ಫ್ಯಾಷನ್ ಬದಲಾಗಿ ತುಪ್ಪಳದ ಬೆಲೆ ನೆಲ ಕಚ್ಚಿತು. ಕ್ಷಯರೋಗ ಹಬ್ಬಿತು. ಶಾಲೆ, ಔಷಧಿ, ಸರ್ಕಾರದ ಭತ್ಯೆ ಎಲ್ಲವೂ ಊರಿನಲ್ಲೇ ಸಿಗುವುದೆಂದಾದಾಗ ಕರಾವಳಿಯುದ್ದಕ್ಕೂ ಬೀಡುಬಿಟ್ಟಿದ್ದ ಬೇಟೆಗಾರ ಕುಟುಂಬಗಳು ಒಂದೊಂದಾಗಿ ಅಲ್ಲಿಗೆ ಬಂದು ನೆಲೆಸಿದವು. ಬೇಟೆಯ ಆದಾಯ ಹೋಗಿತ್ತು, ಬೇರೆ ಕೆಲಸ ಇರಲಿಲ್ಲ.

ಟೊರಾಂಟೊದಲ್ಲಿ ಹುಟ್ಟಿದ ಚಿತ್ರಕಾರ ಜೇಮ್ಸ್ ಹ್ಯೂಸ್ಟನ್ 1948ರಲ್ಲಿ ಹಡ್ಸನ್ ಕೊಲ್ಲಿಯ ಇನುಕ್ಜುವಾಕ್‌ಗೆ ಸ್ಕೆಚ್ ಮಾಡಲು ಹೋದವರು, ಅಲ್ಲಿನ ಚಿಕ್ಕ ಕಲ್ಲಿನ ಗೊಂಬೆಗಳನ್ನು ಕಂಡು ಮಾರುಹೋದರು. ಮಾಂಟ್ರಿಯಲ್‌ನ ಕರಕುಶಲ ಸಂಸ್ಥೆಯ ಹಣದಿಂದ ಮರುವರ್ಷ ಅವರು ಕೊಂಡು ತಂದ ಗೊಂಬೆಗಳು ನವೆಂಬರ್ ತಿಂಗಳ ಪ್ರದರ್ಶನದಲ್ಲಿ ಮೂರೇ ದಿನಕ್ಕೆ ಖಾಲಿಯಾದವು. ಮಾರುಕಟ್ಟೆ ಇದೆ ಎಂಬುದು ಖಾತ್ರಿಯಾಯಿತು. ಏನು ಮಾಡಿದರೆ ಬಿಕರಿಯಾಗುತ್ತದೆ ಎಂದು ಚಿತ್ರಸಮೇತ ತೋರಿಸುವ ಕೈಪಿಡಿಯೊಂದನ್ನು 1951ರಲ್ಲಿ ಉತ್ತರದ ಊರುಗಳಿಗೆ ಹಂಚಲಾಯಿತು. ಅದರಲ್ಲಿ ಪಟ್ಟಣದವರ ಮೇಜಿನ ಮೇಲಿಡುವ ಸಾಮಾನುಗಳೂ ಇದ್ದವು. ಕೊಳ್ಳುವವರ ರುಚಿಯನ್ನು ಮಾಡುವವರ ತಲೆಗೆ ಹೇರುವ ಪ್ರಯತ್ನ ಅದು. ಅದನ್ನು ಬರೆದ ಹ್ಯೂಸ್ಟನ್ನರೇ ಮುಂದೆ ಕಿಂಗೈಟ್‌ನಲ್ಲಿ ಬೇರೆ ದಾರಿ ಹಿಡಿದದ್ದು ಒಳ್ಳೆಯದಾಯಿತು.

ಅವರು ಸರ್ಕಾರದ ಅಧಿಕಾರಿಯಾಗಿ ಕಿಂಗೈಟ್‌ನಲ್ಲಿದ್ದಾಗ, 1957ರ ಚಳಿಗಾಲದಲ್ಲಿ ನಡೆದ ಸಂಗತಿಯನ್ನು ಅವರೇ ಅನೇಕ ಸಲ ಹೇಳಿದ್ದಾರೆ. ಒಸುಯಿಟೊಕ್ ಇಪೀಲಿ ಎಂಬ ಹೆಸರಾಂತ ಶಿಲ್ಪಿ ಎರಡು ಸಿಗರೇಟು ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಎರಡರ ಮೇಲೂ ನಾವಿಕನ ಅದೇ ತಲೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದೊಂದು ಪೊಟ್ಟಣದ ಮೇಲೂ ಕೂತು ಅದನ್ನೇ ಬರೆಯುವವನಿಗೆ ಎಷ್ಟು ಬೇಸರವಾಗಬೇಡ ಎಂಬುದು ಅವರ ಮಾತು. ಅಚ್ಚು ಎಂದರೇನೆಂದು ಮಾತಿನಲ್ಲಿ ವಿವರಿಸಲಾರದೆ ಹ್ಯೂಸ್ಟನ್, ಇಪೀಲಿಯವರೇ ಗೀರು ಕೊರೆದಿದ್ದ ವಾಲ್ರಸ್ ದಂತಕ್ಕೆ ಮಸಿ ಬಳಿದು, ತೆಳ್ಳನೆಯ ಟಾಯ್ಲೆಟ್ ಕಾಗದ ಒತ್ತಿ ಎತ್ತಿ ತೋರಿಸಿದರು. ಕಾಗದದ ಮೇಲೆ ತಿರುವುಮುರುವಾಗಿ ಚಿತ್ರ ಮೂಡಿತು. ಇದು ತಮ್ಮಿಂದಲೂ ಆಗುವ ಕೆಲಸ ಎಂದರಂತೆ ಇಪೀಲಿ. ಅಚ್ಚುಮನೆಯ ಹುಟ್ಟು ಅಲ್ಲಿಂದ.

ಕುಶಲತೆ ಬಂದದ್ದು ಜಪಾನಿನಿಂದ. 1958ರ ಕೊನೆಯಲ್ಲಿ ಹ್ಯೂಸ್ಟನ್ ಅಲ್ಲಿಗೆ ಹೋಗಿ, ಮರದ ಅಚ್ಚಿನ ದೊಡ್ಡ ಗುರು ಉನ್‌ಇಚಿ ಹಿರಾತ್ಸುಕ ಅವರ ಬಳಿ ಕೆಲವು ತಿಂಗಳು ಕಲಿತು ಬಂದರು. ಕೈಯಿಂದ ಮಾಡಿದ ತೆಳ್ಳನೆಯ ಆದರೆ ಗಟ್ಟಿಯಾದ ಜಪಾನಿ ಕಾಗದವನ್ನೂ ತಂದರು. ಅದು ಕಿಂಗೈಟ್ ಅಚ್ಚುಮನೆಯ ರೂಢಿಯ ಕಾಗದವಾಯಿತು. ಬರೆಯುವವರು ಒಬ್ಬರು, ಅದನ್ನು ಕೊರೆಯುವವರು ಇನ್ನೊಬ್ಬರು, ಅಚ್ಚು ತೆಗೆಯುವವರು ಮತ್ತೊಬ್ಬರು ಎಂಬ ಜಪಾನಿನ ಹಳೆಯ ಕೆಲಸದ ಹಂಚಿಕೆಯೂ ಹಾಗೆಯೇ ಬಂತು. ಮರವಿಲ್ಲದ ನಾಡಿನಲ್ಲಿ ಮರದ ಹಲಗೆಯ ಜಾಗಕ್ಕೆ ಕಲ್ಲು ಬಂತು.

ಕಲ್ಲಚ್ಚಿನ ಕೆಲಸ ನಿಧಾನದ್ದು. ಅಚ್ಚುಮನೆಯವರು ಸಂಘದಲ್ಲಿರುವ ಚಿತ್ರಗಳ ರಾಶಿಯಿಂದ ಒಂದನ್ನು ಆರಿಸುತ್ತಾರೆ. ಹಾಸುಗಲ್ಲನ್ನು ಉಜ್ಜಿ ಸಮ ಮಾಡಬೇಕು. ಹಳೆಯ ಬಿಲಿಯರ್ಡ್ಸ್ ಮೇಜುಗಳ ಕಲ್ಲಿನ ಹಾಸನ್ನೂ ಇದಕ್ಕೆ ಬಳಸಿದ್ದುಂಟು. ಚಿತ್ರದ ಗೆರೆಗಳನ್ನು ಕಲ್ಲಿನ ಮೇಲೆ ತಿರುವುಮುರುವಾಗಿ ಇಳಿಸಿ, ಗೆರೆ ಮತ್ತು ತುಂಬಿದ ಭಾಗಗಳನ್ನು ಬಿಟ್ಟು ಉಳಿದ ಕಲ್ಲನ್ನು ಉಳಿಯಿಂದ ಕೆತ್ತಿ ತಗ್ಗಿಸುತ್ತಾರೆ. ಒಂದು ಗರಿಯ ಅಂಚು ಮುರಿದರೆ ಮತ್ತೆ ಸೇರಿಸಲು ಬರುವುದಿಲ್ಲ. ಎದ್ದು ನಿಂತ ಭಾಗದ ಮೇಲೆ ಚಿಕ್ಕ ರೋಲರಿನಿಂದ ಶಾಯಿ ಉರುಳಿಸುತ್ತಾರೆ. ಒಂದೇ ಕಲ್ಲಿನ ಮೇಲೆ ಎರಡು ಮೂರು ಬಣ್ಣ ಒಟ್ಟಿಗೆ ಬರಬೇಕಾದರೆ ಬಣ್ಣ ಬಣ್ಣಕ್ಕೆ ಬೇರೆ ರೋಲರು. ಆಮೇಲೆ ಜಪಾನಿ ಕಾಗದವನ್ನು ಮೆಲ್ಲಗೆ ಹೊದಿಸಿ ಕೈಯಿಂದಲೇ ಉಜ್ಜುತ್ತಾರೆ. ಭಾರದ ಯಂತ್ರ ಒತ್ತಿದರೆ ಕಲ್ಲು ಬಿರಿಯುವ ಭಯ. ಶಾಯಿ ಕಾಗದದ ಹಿಂಬದಿಗೆ ನಸುವಾಗಿ ಕಾಣುವಷ್ಟು ಹೀರಿದಾಗ ಒಂದು ಮೂಲೆಯಿಂದ ಸುಲಿದು ಎತ್ತುತ್ತಾರೆ. ಪ್ರತಿ ಪ್ರತಿಗೂ ಮೊದಲಿನಿಂದ ಶಾಯಿ. ಕೊರೆಯಚ್ಚು ಎಂಬ ಇನ್ನೊಂದು ವಿಧಾನವಿದೆ: ಹಾಳೆಯಲ್ಲಿ ಆಕಾರ ಕತ್ತರಿಸಿ, ಆ ತೂತಿನ ಮೂಲಕ ಕುಂಚದಿಂದ ಬಣ್ಣ ತಟ್ಟುವುದು. ಮೊದಮೊದಲು ಆ ಹಾಳೆ ಸೀಲ್ ಚರ್ಮದ್ದೇ ಆಗಿತ್ತು. 1970ರ ದಶಕದಲ್ಲಿ, ಸಪಾಟು ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಅಚ್ಚು ತೆಗೆಯುವ ಲಿಥೋಗ್ರಫಿ ಬಂತು. ಪೆನ್ಸಿಲಿನ ನವಿರು ಗೀಟುಗಳು ಅದರಲ್ಲಿ ಹಾಗೆಯೇ ಅಚ್ಚಿಗೆ ಇಳಿಯುತ್ತವೆ.

ಒಂದು ಚಿತ್ರಕ್ಕೆ ಸಾಮಾನ್ಯವಾಗಿ 50 ಪ್ರತಿ. ಪ್ರತಿಯೊಂದರ ಮೇಲೂ ಇಷ್ಟನೆಯದು ಎಂಬ ಸಂಖ್ಯೆ, ಇನುಯಿಟ್ ಲಿಪಿಯಲ್ಲಿ ಕಲಾವಿದರ ಮತ್ತು ಅಚ್ಚು ತೆಗೆದವರ ಮುದ್ರೆ, ಜೊತೆಗೆ ಸಂಘದ ಗುರುತಾದ ಕೆಂಪು ಇಗ್ಲೂ, ಅಂದರೆ ಹಿಮದ ಗುಮ್ಮಟದ ಮನೆ. ಅಚ್ಚು ತೆಗೆದವರ ಹೆಸರು ಬರೆದವರ ಹೆಸರಿನ ಪಕ್ಕದಲ್ಲೇ ಇರುವುದು ನ್ಯಾಯದ ಮಾತು. ಕಲಾಲೋಕದಲ್ಲಿ ಕೈಕೆಲಸದವರಿಗೆ ಈ ಮರ್ಯಾದೆ ಎಲ್ಲ ಕಡೆಯೂ ಸಿಗುವುದಿಲ್ಲ. 50 ಮುಗಿದ ಮೇಲೆ ಕಲ್ಲಿನ ಚಿತ್ರವನ್ನು ಉಜ್ಜಿ ಅಳಿಸಿಬಿಡುತ್ತಾರೆ. ಕೊಂಡವರಿಗೆ ಐವತ್ತೊಂದನೆಯದು ಬರುವುದಿಲ್ಲ ಎಂಬ ಭರವಸೆ ಬೇಕು, ಬೆಲೆ ನಿಲ್ಲುವುದು ಅದರ ಮೇಲೆ.

1959ರಲ್ಲಿ ಮೊದಲ ಅಚ್ಚುಗಳ ಸಂಗ್ರಹ ಪಟ್ಟಿ ಸಮೇತ ಹೊರಬಂತು. ಅದೇ ವರ್ಷ ಸಂಘವೂ ಹುಟ್ಟಿತು. ಹಡ್ಸನ್ಸ್ ಬೇ ಕಂಪನಿಯ ಕಾಲದಲ್ಲಿ ತುಪ್ಪಳದ ಬೆಲೆಯನ್ನು ಗಲ್ಲಾಪೆಟ್ಟಿಗೆಯ ಆಚೆಗಿದ್ದವನು ಹೇಳುತ್ತಿದ್ದ, ತಂದವನು ಒಪ್ಪಿಕೊಳ್ಳುತ್ತಿದ್ದ. ಈಗ ಗಲ್ಲಾಪೆಟ್ಟಿಗೆ ಊರಿನದೇ ಆಯಿತು. ಬೇಟೆಯ ಬೀಡುಗಳಲ್ಲಿ ದೊಡ್ಡ ಯಜಮಾನನೆಂದು ಹೆಸರಾಗಿದ್ದ ಪೂಟೂಗೂಕ್ ಇದಕ್ಕೆ ಬೆನ್ನೆಲುಬಾಗಿ ನಿಂತರು. ಅವರ ಮಗ ಕನಂಗಿನಾಕ್, ಮೊದಲ ಅಚ್ಚುಗಾರರಲ್ಲಿ ಒಬ್ಬರು, ಸಂಘದ ಅಧ್ಯಕ್ಷರಾದರು. 1960ರಲ್ಲಿ ಟೆರಿ ರಯನ್ ಎಂಬ ತರುಣ ಚಿತ್ರಕಾರ ಕೆಲಕಾಲಕ್ಕೆಂದು ಬಂದು ನಾಲ್ಕು ದಶಕ ವ್ಯವಸ್ಥಾಪಕರಾಗಿ ದುಡಿದರು. 1978ರಲ್ಲಿ ಸಂಘ ಟೊರಾಂಟೊದಲ್ಲಿ ಡಾರ್ಸೆಟ್ ಫೈನ್ ಆರ್ಟ್ಸ್ ಎಂಬ ಸಗಟು ಮಾರಾಟದ ಶಾಖೆ ತೆರೆಯಿತು. ವರ್ಷದ ಸಂಗ್ರಹ ಅಕ್ಟೋಬರ್ ತಿಂಗಳಲ್ಲಿ ಬೇರೆ ಬೇರೆ ನಗರಗಳ ಗ್ಯಾಲರಿಗಳಿಗೆ ಒಟ್ಟಿಗೆ ಹೋಗುವುದು ಇಲ್ಲಿಂದಲೇ.

ಸಂಘದ ಕೊಳ್ಳುವ ಪದ್ಧತಿಯನ್ನು ಗಮನಿಸಬೇಕು. ಅನೇಕ ಕಡೆ ಗ್ಯಾಲರಿಗಳು ಕೃತಿಯನ್ನು ಇಟ್ಟುಕೊಂಡು, ಮಾರಾಟವಾದ ಮೇಲೆ ತಮ್ಮ ಪಾಲು ಮುರಿದು ಉಳಿದದ್ದನ್ನು ಕೊಡುತ್ತವೆ. ಮಾರಾಟವಾಗದಿದ್ದರೆ ಕಲಾವಿದನಿಗೆ ಬರಿಗೈ. ಕಿಂಗೈಟ್‌ನಲ್ಲಿ ಚಿತ್ರ ತಂದವರಿಗೆ ಆಗಲೇ ಹಣ ಸಿಗುತ್ತದೆ. ಅದು ಅಚ್ಚಾಗುತ್ತದೋ ಇಲ್ಲವೋ, ಯಾರಾದರೂ ಕೊಳ್ಳುತ್ತಾರೋ ಇಲ್ಲವೋ, ಆ ನಷ್ಟದ ಭಯ ಸಂಘದ್ದು. ಮನೆಯಲ್ಲಿ ಹಾಲು ಮುಗಿದ ದಿನ ಒಂದು ಚಿತ್ರ ತಂದುಕೊಟ್ಟು ಹಣ ಪಡೆಯಬಹುದು. ಹೀಗೆ ಕೊಂಡ ಮೂಲಚಿತ್ರಗಳು ಒಂದು ಲಕ್ಷದ ಆಸುಪಾಸಿನಷ್ಟಾಗಿವೆ. ಬೆಂಕಿ, ತೇವದ ಭಯದಿಂದ ಅವನ್ನು 1990ರ ಸುಮಾರಿಗೆ ಟೊರಾಂಟೊ ಬಳಿಯ ಕ್ಲೈನ್‌ಬರ್ಗ್‌ನಲ್ಲಿರುವ ಮ್ಯಾಕ್‌ಮೈಕಲ್ ಕಲಾಸಂಗ್ರಹದ ಕಾಪಿಗೆ ಒಪ್ಪಿಸಲಾಯಿತು. ಒಡೆತನ ಸಂಘದಲ್ಲೇ ಉಳಿದಿದೆ. ಅಚ್ಚಾದದ್ದು ಅದರಲ್ಲಿ ಚಿಕ್ಕ ಪಾಲು. ಲಾಭದ ಲೆಕ್ಕದಲ್ಲಿ ಇದು ಹುಚ್ಚುತನದಂತೆ ಕಾಣುತ್ತದೆ. ಆದರೆ ಕಾಗದ, ಪೆನ್ಸಿಲು ಕೊಟ್ಟು, ಏನು ಬೇಕಾದರೂ ಬರೆಯಿರಿ, ಬರೆದದ್ದಕ್ಕೆ ಹಣ ಇದೆ ಎಂದಿದ್ದರಿಂದಲೇ ಹಿಂದೆಂದೂ ಚಿತ್ರ ಬರೆಯದ ಹೆಂಗಸರು ಮೂವತ್ತು, ಐವತ್ತರ ವಯಸ್ಸಿನಲ್ಲಿ ಕಲಾವಿದೆಯರಾದರು.

ಅವರಲ್ಲಿ ಕೆನೊಜುವಾಕ್ ಅಶೆವಾಕ್ ಅವರದು ದೊಡ್ಡ ಹೆಸರು. 1927ರಲ್ಲಿ ಇಗ್ಲೂವಿನಲ್ಲಿ ಹುಟ್ಟಿ ಬೇಟೆಯ ಬೀಡುಗಳಲ್ಲೇ ಬೆಳೆದವರು. 1952ರಲ್ಲಿ ಕ್ಷಯ ಕಾಣಿಸಿಕೊಂಡು ದಕ್ಷಿಣದ ಕ್ವಿಬೆಕ್ ನಗರದ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದರು. ಗೊಂಬೆ ಹೊಲಿಯುವುದು, ಮಣಿ ಕೆಲಸ ಕಲಿತದ್ದು ಅಲ್ಲಿ. ಅವರ ಮೊದಲ ಅಚ್ಚು 1959ರದು, ಕಡಲಪಾಚಿ ತಿನ್ನುವ ಮೊಲದ್ದು. ಅದರ ಮೂಲ ಅವರೇ ಹೊಲಿದಿದ್ದ ಸೀಲ್ ಚರ್ಮದ ಚೀಲದ ಮೇಲಿನ ವಿನ್ಯಾಸ. ಮರುವರ್ಷ ಬಂದದ್ದು ಇಂಗ್ಲಿಷಿನಲ್ಲಿ 'ದಿ ಎನ್‌ಚಾಂಟೆಡ್ ಔಲ್' ಎಂದು ಹೆಸರಾದ ಗೂಬೆ. ಕಣ್ಣು ನೇರ ನೋಡುವವರ ಮೇಲೆ; ತಲೆಯಿಂದ, ಬಾಲದಿಂದ ಗರಿಗಳು ಜ್ವಾಲೆಯಂತೆ ಹರಡಿವೆ. ನಿಜವಾದ ಗೂಬೆಗೆ ಅಂಥ ಗರಿಗಳಿಲ್ಲ. ಹಾಳೆ ತುಂಬುವವರೆಗೆ ಆಕಾರವನ್ನು ಬೆಳೆಸುತ್ತ ಹೋಗುವುದು ಅವರ ರೀತಿ. 25 ಪ್ರತಿ ಕೆಂಪು ಕಪ್ಪಿನಲ್ಲಿ, 25 ಪ್ರತಿ ಹಸಿರು ಕಪ್ಪಿನಲ್ಲಿ ಬಂದವು. 1970ರಲ್ಲಿ ಅದು ಕೆನಡಾದ ಅಂಚೆಚೀಟಿಯಾಯಿತು. ಅದಕ್ಕೆ ಮೊದಲೇ, 1967ರಲ್ಲಿ ಆರ್ಡರ್ ಆಫ್ ಕೆನಡಾ ಗೌರವವನ್ನು ಆರಂಭಿಸಿದ ವರ್ಷವೇ ಅವರಿಗೆ ಅದು ಸಂದಿತ್ತು. 2013ರಲ್ಲಿ ತೀರಿಕೊಳ್ಳುವವರೆಗೂ ಅವರಿದ್ದದ್ದು ಕಿಂಗೈಟ್‌ನಲ್ಲೇ. 2017ರಲ್ಲಿ ಕೆನಡಾ ತಂದ ವಿಶೇಷ ಹತ್ತು ಡಾಲರ್ ನೋಟಿನ ಮೇಲೂ ಅವರ ಗೂಬೆ ಇದೆ.

ಪಿಟ್ಸಿಯೊಲಾಕ್ ಅಶೂನ ಅವರದು ಇನ್ನೊಂದು ಬಗೆ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಮೊದಲು ಹೊಲಿಗೆ, ಆಮೇಲೆ ಚಿತ್ರ ಹಿಡಿದವರು. ಬೀಡು ಎತ್ತಿಕೊಂಡು ಹೊರಡುವುದು, ಬೇಸಿಗೆಯ ಗುಡಾರ, ಹೆಬ್ಬಾತುಗಳ ಹಿಂಡು, ನಾಯಿಗಳ ಜಾರುಬಂಡಿ ಹೀಗೆ ತಾವು ಕಂಡ ಹಳೆಯ ಬದುಕನ್ನು ಸಾವಿರಾರು ಚಿತ್ರಗಳಲ್ಲಿ ಬರೆದರು. ಅವರ ಮೊಮ್ಮಗಳು ಆನಿ ಪೂಟೂಗೂಕ್ ಬರೆದದ್ದು ತಮ್ಮ ಕಾಲದ್ದು: ಟಿವಿ ಮುಂದೆ ಕೂತ ಕುಟುಂಬ, ಅಡುಗೆಮನೆಯ ಗಡಿಯಾರ, ಸಹಕಾರ ಸಂಘದ ಅಂಗಡಿಯ ಕಪಾಟುಗಳು, ಕುಡಿತದ ಜಗಳ. ಹಿಮಕರಡಿ ಬೇಕೆಂದು ಬಂದ ಗಿರಾಕಿಗಳಿಗೆ ಇದು ಹಿಡಿಸಲಿಲ್ಲ. ಆದರೂ ಸಂಘ ಕೊಂಡಿತು. 2006ರಲ್ಲಿ ಕೆನಡಾದ ಪ್ರತಿಷ್ಠಿತ ಸೋಬಿ ಪ್ರಶಸ್ತಿ ಅವರಿಗೆ ಬಂತು. ಅದೇ ಮನೆತನದ ಶುವಿನಾಯ್ ಅಶೂನ ಅವರ ಚಿತ್ರಗಳಿಗೆ 2022ರ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ವಿಶೇಷ ಮನ್ನಣೆ ಸಿಕ್ಕಿತು. ದಕ್ಷಿಣದ ತಜ್ಞರ ಸಮಿತಿಯೊಂದು 1961ರಿಂದ ಮೂರು ದಶಕದ ಹತ್ತಿರ ಪ್ರತಿ ವರ್ಷದ ಅಚ್ಚುಗಳನ್ನು ಪರೀಕ್ಷಿಸಿ, ಒಪ್ಪದಿದ್ದದ್ದನ್ನು ಹಿಂದಕ್ಕೆ ಕಳಿಸುತ್ತಿತ್ತು. ಆ ಸಮಿತಿಯ ಕಾಲ ಮುಗಿದದ್ದು ಆನಿಯಂಥವರಿಗೆ ಒಳ್ಳೆಯದೇ ಆಯಿತು.

ಹಣ ಗಳಿಸಲು ಊರಿನ ಹೆಚ್ಚು ಕೈಗಳು ಹಿಡಿದಿರುವುದು ಚಿತ್ರವನ್ನಲ್ಲ, ಕಲ್ಲನ್ನು. ಅಂಗಡಿಗಳಲ್ಲಿ ಇದನ್ನು ಸೋಪ್‌ಸ್ಟೋನ್ ಎಂದೇ ಕರೆದು ಮಾರುತ್ತಾರೆ. ಬೇಲೂರು, ಹಳೇಬೀಡಿನ ಶಿಲ್ಪಗಳಿಂದ ಕನ್ನಡಿಗರಿಗೆ ಗೊತ್ತಿರುವ ಬಳಪದ ಕಲ್ಲು ಅದು. ಆದರೆ ಕಿಂಗೈಟ್‌ನ ಶಿಲ್ಪಗಳು ಹೆಚ್ಚಾಗಿ ಅದಕ್ಕಿಂತ ಗಡುಸಾದ ಹಸಿರು ಸರ್ಪೆಂಟೈನ್ ಕಲ್ಲಿನವು. ಗಣಿ ದೂರದ ಕರಾವಳಿಯಲ್ಲಿದೆ. ಬೇಸಿಗೆಯಲ್ಲಿ ದೋಣಿಗಳಲ್ಲಿ ಹೋಗಿ, ಕೈಯಿಂದ ಎಬ್ಬಿಸಿ, ಟನ್‌ಗಟ್ಟಲೆ ಹೊತ್ತು ತರಬೇಕು. ಕೆತ್ತನೆ ಬಯಲಿನಲ್ಲೋ ಮನೆಪಕ್ಕದ ಗುಡಿಸಿಲಲ್ಲೋ, ವಿದ್ಯುತ್ ಗರಗಸ ಮತ್ತು ಸಾಣೆಯಂತ್ರದಿಂದ. ದೂಳು ಶ್ವಾಸಕೋಶಕ್ಕೆ ಕೇಡು, ಮುಖಗವಸು ಎಲ್ಲರೂ ಹಾಕುವುದಿಲ್ಲ. ಒಂದೇ ಕಾಲಿನ ಮೇಲೆ ಕುಣಿಯುವ ಹಿಮಕರಡಿ ಈ ಊರಿನ ಗುರುತಾಗಿಬಿಟ್ಟಿದೆ. ಅಷ್ಟು ಭಾರದ ಕಲ್ಲನ್ನು ಅಷ್ಟು ಸಣ್ಣ ಪಾದದ ಮೇಲೆ ನಿಲ್ಲಿಸುವ ಜಾಣ್ಮೆ ದೊಡ್ಡದು; ಆದರೆ ಕೊಳ್ಳುವವರು ಅದನ್ನೇ ಕೇಳುತ್ತ ಹೋದರೆ ಶಿಲ್ಪಿ ಬೇರೆ ಏನು ಕೆತ್ತಿಯಾನು?

ಹೊಲಿಗೆಯ ಕೆಲಸ ಮೊದಲಿನಿಂದಲೂ ಇದೆ: ಮಗುವನ್ನು ಬೆನ್ನ ಮೇಲಿನ ಚೀಲದಲ್ಲಿ ಹೊರುವ ತಾಯಂದಿರ ಅಂಗಿ, ಸೀಲ್ ಚರ್ಮದ ಬೂಟು, ಕೈಗವಸು, ಗೊಂಬೆ. ಇವುಗಳಲ್ಲಿ ಬಹುಪಾಲು ಮನೆಯ ಬಳಕೆಗೇ ಹೋಗುತ್ತದೆ. 1960ರ ದಶಕದಲ್ಲಿ ಅಚ್ಚುಮನೆ ಪರದೆ, ಉಡುಪಿಗೆಂದು ಬಟ್ಟೆಯ ಮೇಲೂ ಚಿತ್ರ ಅಚ್ಚು ಹಾಕಿತು. ವ್ಯಾಪಾರ ಕುದುರಲಿಲ್ಲ. ಚರ್ಮ ಮತ್ತು ದಂತಕ್ಕೆ ಕಾನೂನಿನ ತಡೆಯೂ ಉಂಟು. ಸಮುದ್ರ ಸಸ್ತನಿಗಳ ರಕ್ಷಣೆಗೆ ಅಮೆರಿಕ 1972ರಲ್ಲಿ ತಂದ ಕಾಯಿದೆಯಿಂದಾಗಿ ಸೀಲ್ ಚರ್ಮದ ಬೂಟು ಕೊಂಡ ಪ್ರವಾಸಿ ಅದನ್ನು ಗಡಿ ದಾಟಿಸಲು ಆಗದು. ಯೂರೋಪ್ 2009ರಲ್ಲಿ ಸೀಲ್ ಪದಾರ್ಥಗಳನ್ನು ನಿಷೇಧಿಸಿದಾಗ ಇನುಯಿಟರಿಗೆ ವಿನಾಯಿತಿ ಕೊಟ್ಟಿತಾದರೂ, ಅಷ್ಟರಲ್ಲಿ ಮಾರುಕಟ್ಟೆಯೇ ಬತ್ತಿತ್ತು. ತಿನ್ನಲು ಬೇಟೆಯಾಡುವ ಬಡ ಕುಟುಂಬಕ್ಕೂ ತುಪ್ಪಳಕ್ಕಾಗಿ ಕೊಲ್ಲುವ ಉದ್ಯಮಕ್ಕೂ ಕೊನೆಗೆ ಬಿದ್ದದ್ದು ಒಂದೇ ಬರೆ.

ನಕಲಿಯ ಕಾಟ ಶುರುವಾದದ್ದು ಬೇಗ. ಅಚ್ಚಿನಲ್ಲಿ ಎರಕ ಹೊಯ್ದ ಕಲ್ಲಿನಂಥ ಪ್ಲಾಸ್ಟಿಕ್ ಕರಡಿಗಳು ಇನುಯಿಟ್ ಕಲೆಯ ಹೆಸರಿನಲ್ಲಿ ಬಂದವು. ಅದನ್ನು ತಡೆಯಲು ಕೆನಡಾ ಸರ್ಕಾರ 1958ರಲ್ಲಿ ಇಗ್ಲೂ ಚೀಟಿಯನ್ನು ತಂದಿತು: ನೈಜ ಶಿಲ್ಪಕ್ಕೆ ಕಟ್ಟುವ, ಇಗ್ಲೂ ಚಿತ್ರವಿರುವ ಪುಟ್ಟ ಚೀಟಿ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. 2017ರಿಂದ ಅದರ ಉಸ್ತುವಾರಿ ಇನುಯಿಟ್ ಆರ್ಟ್ ಫೌಂಡೇಶನ್‌ನದು. ಹಳೆಯ ಶಿಲ್ಪಗಳ ತಳದಲ್ಲಿ 'ಇ7' ಎಂದು ಶುರುವಾಗುವ ಒಂದು ಸಂಖ್ಯೆ ಇರುವುದುಂಟು. ಇನುಯಿಟರಿಗೆ ಮನೆತನದ ಹೆಸರಿನ ರೂಢಿ ಇರಲಿಲ್ಲವೆಂದು ಸರ್ಕಾರ ಒಬ್ಬೊಬ್ಬರಿಗೂ ಸಂಖ್ಯೆಯ ಬಿಲ್ಲೆ ಕೊಟ್ಟಿತ್ತು. ಕಲಾವಿದರು ರುಜುವಿನ ಜಾಗದಲ್ಲಿ ಅದನ್ನೇ ಗೀಚುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಸರಿಯಾಗದೆ ಉಳಿದದ್ದು ಮರುಮಾರಾಟದ ಲೆಕ್ಕ. 1960ರಲ್ಲಿ ನೂರು ಡಾಲರಿಗೂ ಕಡಿಮೆಗೆ ಹೋದ, ಕೆನೊಜುವಾಕ್ ಅವರ ಆ ಗೂಬೆಯ ಒಂದು ಪ್ರತಿ 2018ರ ಹರಾಜಿನಲ್ಲಿ 2,16,000 ಕೆನಡಾ ಡಾಲರ್ ತಂದಿತು. ಅದರಲ್ಲಿ ಕಲಾವಿದೆಯ ಕುಟುಂಬಕ್ಕಾಗಲಿ ಊರಿಗಾಗಲಿ ಪಾಲು ಕೊಡಬೇಕೆಂಬ ಕಾನೂನು ಕೆನಡಾದಲ್ಲಿ ಇರಲಿಲ್ಲ. ಫ್ರಾನ್ಸಿನಲ್ಲಿ ಅಂಥ ಹಕ್ಕು 1920ರಿಂದಲೇ ಇದೆ. ಊರಿನಲ್ಲಿ ಮನೆಗಳ ಕೊರತೆ ತೀವ್ರ, ದಿನಸಿಯ ಬೆಲೆ ದಕ್ಷಿಣದ ಹಲವು ಪಟ್ಟು. ಸಂಘ ಬಡತನವನ್ನು ನೀಗಿಸಿಲ್ಲ. ಅದು ಮಾಡಿದ್ದು ಇಷ್ಟು: ಬೆಲೆ ಹೇಳುವ ಹಕ್ಕನ್ನು ಊರಿಗೆ ತಂದುಕೊಟ್ಟಿತು, ಆ ಹಕ್ಕನ್ನು ಮೂರು ತಲೆಮಾರು ಕಾಲ ಬಿಟ್ಟುಕೊಡಲಿಲ್ಲ.

ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಬಹಳ ಮಂದಿ; ಅವರ ಮನೆಗೆ ಊರಿಂದ ಹೋಗುವ ತಂದೆತಾಯಿಯರು ಇನ್ನೂ ಹೆಚ್ಚು. ನಯಾಗರ ನೋಡಿದ ಮೇಲೆ ಒಂದು ದಿನ ಉಳಿದರೆ ಕ್ಲೈನ್‌ಬರ್ಗ್‌ನ ಮ್ಯಾಕ್‌ಮೈಕಲ್‌ಗೆ ಹೋಗಿಬರಬಹುದು. ವಿಮಾನ ನಿಲ್ದಾಣದ ಉಡುಗೊರೆ ಅಂಗಡಿಯಲ್ಲಿ ಕಪ್ಪು ಕರಡಿಯೋ ಗೂಬೆಯೋ ಕಣ್ಣಿಗೆ ಬಿದ್ದರೆ, ಕೈಯಲ್ಲಿ ಎತ್ತಿ ಭಾರ ನೋಡಿ, ಇಗ್ಲೂ ಚೀಟಿಯ ಮೇಲೆ ಕಲಾವಿದರ ಹೆಸರು, ಊರಿನ ಹೆಸರು ಇದೆಯೇ ಎಂದು ಓದಿ, ಇಲ್ಲವಾದರೆ ಅಂಗಡಿಯವರನ್ನು ಕೇಳಿ, ಆಮೇಲೆ ಕೊಳ್ಳುವುದು ಒಳ್ಳೆಯದು.